ಹಮೀದಾ ಬೇಗಂ ಕೋಣೆಯ ಗಾಳಿಕಿಂಡಿ

ಸಾದಿಕ್ ಪಾಷಾ ಅವರು ಅರವತ್ತನಾಲ್ಕನೇ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಚಾವಣಿ ನೋಡಲು ಶುರುಮಾಡಿದರು. ಅಲ್ಲಿಯವರೆಗೆ ಅವರ ಕಣ್ಣು ರೇಷ್ಮೆಗೂಡಿನ ಬುಟ್ಟಿಯಿಂದ ಮೇಲಕ್ಕೆ ಎದ್ದದ್ದೇ ಕಡಿಮೆ. ಈಗ ನೋಡಿದರೆ, ಮದುವೆಗೆ ಹೋದರೂ ವರನನ್ನು ಬಿಟ್ಟು ಮಂಟಪದ ಸೀಲಿಂಗ್ ನೋಡುತ್ತಾರೆ, ತಟ್ಟೆಯಲ್ಲಿ ಬಿರಿಯಾನಿ ತಣ್ಣಗಾಗುತ್ತದೆ. ಚಿಕ್ಕಬಳ್ಳಾಪುರದ ಒಂದು ಬ್ಯಾಂಕಿನಲ್ಲಿ ಕತ್ತೆತ್ತಿ ಮೂಲೆ ಮೂಲೆಯನ್ನೂ ದಿಟ್ಟಿಸುತ್ತ ನಿಂತಿದ್ದಾಗ ಕಾವಲುಗಾರ ಹತ್ತಿರ ಬಂದು, "ಏನ್ ಸಾಬ್ರೇ, ಕ್ಯಾಮೆರಾ ಎಲ್ಲೈತೆ ಅಂತ ನೋಡ್ತಾ ಇದ್ದೀರಾ?" ಎಂದು ಕೇಳಿದ. "ಇಲ್ಲಪ್ಪ, ಗಾಳಿ ಎಲ್ಲಿಂದ ಬರ್ತದೆ ಅಂತ ನೋಡ್ತಾ ಇದ್ದೀನಿ" ಎಂದರು ಪಾಷಾ. ಕಾವಲುಗಾರನಿಗೆ ಆ ಉತ್ತರದಿಂದ ಸಮಾಧಾನವಾದಂತೆ ಕಾಣಲಿಲ್ಲ.

ಅವರು ಹೇಳಿದ್ದು ನಿಜವೇ ಆಗಿತ್ತು. ಗಾಳಿ ಬೇಕಾಗಿದ್ದದ್ದು ಅವರ ಹೆಂಡತಿ ಹಮೀದಾ ಬೇಗಂ ಅವರಿಗೆ.

ಶಿಡ್ಲಘಟ್ಟದಲ್ಲಿ ಈ ಗಂಡ ಹೆಂಡತಿ ಇಪ್ಪತ್ತೆಂಟು ವರ್ಷ ರೇಷ್ಮೆ ನೂಲು ಬಿಚ್ಚಿ ಬದುಕಿದ ರೀಲರುಗಳು. ಪಾಷಾ ಅವರು ಮಾರುಕಟ್ಟೆಗೆ ಹೋಗಿ ಹರಾಜಿನಲ್ಲಿ ಗೂಡು ಕೂಗಿ ತರುತ್ತಿದ್ದರು, ಹಮೀದಾ ಬೇಗಂ ಬಿಸಿನೀರಿನ ತೊಟ್ಟಿಯ ಮುಂದೆ ಕೂತು ಬೆಂದ ಗೂಡಿನಿಂದ ಎಳೆ ಹಿಡಿಯುತ್ತಿದ್ದರು. ಆಳು ಬಂದ ದಿನವೂ ಅವರೇ ಕೂರುತ್ತಿದ್ದರು, ಆಳು ಬಾರದ ದಿನವಂತೂ ಕೇಳುವುದೇ ಬೇಡ. ಎರಡು ವರ್ಷದ ಹಿಂದೆ ನೂಲು ಬಿಚ್ಚುತ್ತಿದ್ದ ಕೆಳಗಿನ ಶೆಡ್ಡು ಮುಚ್ಚಿ, ಅದರ ಮೇಲೆ ಮೂರು ಕೋಣೆಯ ಮನೆ ಕಟ್ಟಿಕೊಂಡರು. ಇನ್ನು ಆರಾಮಾಗಿ ಕಾಲು ಚಾಚಬಹುದು ಅನ್ನುವ ಹೊತ್ತಿಗೆ ಹಮೀದಾ ಬೇಗಂ ಅವರ ಎದೆ ಕೈಕೊಟ್ಟಿತು. ಕಾಲು ಚಾಚುವುದಿರಲಿ, ಬೆನ್ನು ಹಾಸಿಗೆಗೆ ತಾಗಿದರೆ ಸಾಕು, ಉಸಿರು ಸಿಗುತ್ತಿರಲಿಲ್ಲ. ಮೂರು ದಿಂಬು ಒಟ್ಟಿಕೊಂಡು, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಬೇಕಾಗಿತ್ತು.

ಮಗಳು ನೌರೀನ್ ಚಿಕ್ಕಬಳ್ಳಾಪುರದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುವವಳು. ಅಮ್ಮನನ್ನು ದೊಡ್ಡ ಡಾಕ್ಟರ ಹತ್ತಿರ ಅವಳೇ ಕರೆದುಕೊಂಡು ಹೋದಳು. ಡಾಕ್ಟರು ಔಷಧಿ ಬರೆದುಕೊಟ್ಟು, ಮನೆಯೊಳಗೆ ಒಳ್ಳೇ ಗಾಳಿ ಆಡಬೇಕು ಅಂದರು. ಹೇಳುವುದು ಸುಲಭ. ಕಿಟಕಿ ತೆಗೆದರೆ ಎಡಗಡೆ ಶೆಡ್ಡಿನ ಹೊಗೆ, ಬಲಗಡೆ ಶೆಡ್ಡಿನ ಬೆಂದ ಹುಳುವಿನ ವಾಸನೆ. ಮುಚ್ಚಿದರೆ ಕೋಣೆ ಪೆಟ್ಟಿಗೆಯಾಗುತ್ತದೆ. ಕೊನೆಗೆ ನೌರೀನ್ ಮೊಬೈಲಿನಲ್ಲಿ ಹುಡುಕಿ ಒಂದು ದಾರಿ ಕಂಡುಹಿಡಿದಳು. ತಾರಸಿಯ ಮೇಲೆ ಒಂದು ಯಂತ್ರ ಇಟ್ಟರೆ ಅದು ಗಾಳಿಯನ್ನು ಸೋಸಿ, ಫಾಲ್ಸ್ ಸೀಲಿಂಗಿನ ಮೇಲೆ ಹಾದ ಪೈಪುಗಳಲ್ಲಿ ಕಳಿಸುತ್ತದೆ. ಪ್ರತಿ ಕೋಣೆಯ ಚಾವಣಿಯಲ್ಲಿ ಒಂದು ಕಿಂಡಿಯಿಂದ ಅದು ಕೆಳಗೆ ಇಳಿಯುತ್ತದೆ. ಈ ಕೆಲಸ ಬಲ್ಲವನು ಚಿಂತಾಮಣಿಯ ಚಲಪತಿ. ಅಂಗಡಿ, ಕಲ್ಯಾಣ ಮಂಟಪಗಳಿಗೆ ಪೈಪು ಎಳೆದು ಪಳಗಿದ ಕೈ. ಬಂದ, ಅಳತೆ ತೆಗೆದ, ವಾರದೊಳಗೆ ಯಂತ್ರ ಕೂರಿಸಿ ಪೈಪು ಎಳೆದ. ಉಳಿದದ್ದು ಕಿಂಡಿಗಳ ಬಾಯಿಗೆ ಹಾಕುವ ಗ್ರಿಲ್ ಮಾತ್ರ.

ಚೀಲದಿಂದ ಅವನು ತೆಗೆದು ತೋರಿಸಿದ್ದು ಬಿಳಿ ಪ್ಲಾಸ್ಟಿಕ್ಕಿನ ಚೌಕ.

"ಇದಾ?" ಎಂದರು ಪಾಷಾ. "ಇದನ್ನ ಆಸ್ಪತ್ರೇಲಿ ನೋಡಿದ್ದೀನಿ."

"ಎಲ್ಲಾ ಕಡೆ ಇದೇ ಹಾಕೋದು ಸಾಬ್ರೇ. ಗಾಳಿ ಚೆನ್ನಾಗಿ ಬರ್ತೈತೆ, ಅಷ್ಟೇ."

"ಅವಳು ದಿನಾ ಅದನ್ನ ನೋಡ್ಕೊಂಡು ಕೂರಬೇಕಲ್ಲಪ್ಪ!"

ಚಲಪತಿಗೆ ಅರ್ಥವಾಗಲಿಲ್ಲ. ಅರ್ಥವಾಗಬೇಕಾದರೆ ಅವನು ಹಳೇ ಶೆಡ್ಡು ನೋಡಿರಬೇಕಾಗಿತ್ತು. ನೌರೀನ್ ಎರಡು ವರ್ಷದ ಮಗುವಾಗಿದ್ದಾಗ ಒಂದು ದಿನ ಹಮೀದಾ ಬೇಗಂ ತೊಟ್ಟಿಯ ಮುಂದೆ ಕೂತು, ನಗುತ್ತಲೇ, "ಮೇಲೆ ನೋಡಿದರೆ ಮಸಿ, ಕೆಳಗೆ ನೋಡಿದರೆ ಹುಳು. ನಾನು ಯಾವ ಕಡೆ ನೋಡಲಿ, ಹೇಳಿ?" ಎಂದಿದ್ದರು. ತಮಾಷೆಗೆ ಅಂದ ಮಾತು. ಅಂದವರು ಅದನ್ನು ಆವತ್ತೇ ಮರೆತರು. ಕೇಳಿದವರಿಗೆ ಮಾತ್ರ ಅದು ಒಳಗೆಲ್ಲೋ ಸಿಕ್ಕಿಕೊಂಡು ಇಷ್ಟು ವರ್ಷ ಚುಚ್ಚುತ್ತಲೇ ಇತ್ತು. ಈ ಮನೆ, ಈ ಮಗಳ ಓದು, ತಾವು ತೊಟ್ಟ ಬಿಳಿ ಜುಬ್ಬಾ ಸಮೇತ ಎಲ್ಲವೂ ಬಿಸಿನೀರಿನಲ್ಲಿ ಬೆಂದು ಸುಕ್ಕಾದ ಆ ಕೈಗಳಿಂದ ಬಂದದ್ದು ಎಂದು ಸಾದಿಕ್ ಪಾಷಾ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಬಾಯಿ ಬಿಟ್ಟು ಹೇಳಲು ಮಾತ್ರ ಬರುತ್ತಿರಲಿಲ್ಲ. ಗೂಡಿನ ಹರಾಜಿನಲ್ಲಿ ಹತ್ತು ಜನರ ದನಿ ಅಡಗಿಸುವ ಬಾಯಿ ಅದು, ಹೆಂಡತಿಯ ಮುಂದೆ "ಟೀ ಆಯ್ತಾ?" ಎನ್ನುವುದಕ್ಕಿಂತ ಮುಂದೆ ಹೋದದ್ದಿಲ್ಲ. ಬಾಯಿ ಹೇಳದ್ದನ್ನು ಚಾವಣಿ ಹೇಳಲಿ ಎಂದುಕೊಂಡರು.

ಅಲ್ಲಿಂದ ಶುರುವಾಯಿತು ನೋಡಿ, ಗಾಳಿಕಿಂಡಿಯ ಹುಡುಕಾಟ. ಗೌರಿಬಿದನೂರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಅಲ್ಯೂಮಿನಿಯಂ ಗ್ರಿಲ್ ನೋಡಿದರು, ಅದು ಲಾರಿಯ ಮುಂಭಾಗದ ಹಾಗಿದೆ ಅಂದರು. ಚಿಕ್ಕಬಳ್ಳಾಪುರದಲ್ಲಿ ಹಿತ್ತಾಳೆ ಬಣ್ಣ ಬಳಿದದ್ದು ಸಿಕ್ಕಿತು, ಉಗುರಿನಿಂದ ಕೆರೆದು ನೋಡಿ ವಾಪಸ್ ಇಟ್ಟರು. ಗೂಡು ಕೊಳ್ಳುವಾಗ ಬುಟ್ಟಿಯ ತಳಕ್ಕೆ ಕೈ ಹಾಕಿ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವುದು ಅವರ ಪದ್ಧತಿ. ಗ್ರಿಲ್ಲುಗಳನ್ನೂ ಕಿವಿಯ ಹತ್ತಿರ ಅಲ್ಲಾಡಿಸಿದರು. ಅಂಗಡಿಯವರು ಮುಖ ಮುಖ ನೋಡಿಕೊಂಡರು. ಕೊನೆಗೆ ಚಿಂತಾಮಣಿಯಲ್ಲಿ ಬಯ್ಯಪ್ಪ ಎಂಬ ಮರಗೆಲಸದವನು ಸಿಕ್ಕಿದ. ತೇಗದ ಹಲಗೆಯ ಮೇಲೆ ಹಿಪ್ಪುನೇರಳೆ ಎಲೆಗಳನ್ನು ಕೊರೆದುಕೊಡುತ್ತೇನೆ ಅಂದ. ರೇಷ್ಮೆ ಹುಳು ತಿಂದು ಬದುಕುವ ಎಲೆ, ರೇಷ್ಮೆಯ ಮನೆಗೆ ಇದಕ್ಕಿಂತ ಒಳ್ಳೆಯದು ಇನ್ನೇನು ಬೇಕು? ಪಾಷಾ ಅವರು ನಾಲ್ಕು ಸಲ ಚಿಂತಾಮಣಿ ಬಸ್ಸು ಹತ್ತಿ ಇಳಿದರು. ಹೋದಾಗೊಮ್ಮೆ "ಇಲ್ಲೊಂದು ಎಲೆ ಜಾಸ್ತಿ ಇರಲಿ, ಅಲ್ಲೊಂದು ಇರಲಿ" ಎಂದು ಹೇಳಿ ಬಂದರು. ಎಲೆಯ ಮೇಲೆ ಎಲೆ ಕೂತು ಹಲಗೆ ತೋಟದಂತೆ ತುಂಬಿತು. ಸಂದಿಯಲ್ಲಿ ಪೈಪಿನ ಕಪ್ಪು ಬಾಯಿ ಇಣುಕಬಾರದೆಂದು ಹಿಂಬದಿಗೆ ಚಿನ್ನದ ಬಣ್ಣದ ಸಣ್ಣ ಕಣ್ಣಿನ ಬಲೆಯನ್ನೂ ಅಂಟಿಸಿದರು.

ಕೂರಿಸುವ ದಿನ ಚಲಪತಿ ಅದನ್ನು ಬೆಳಕಿಗೆ ಹಿಡಿದು ನೋಡಿ ತಲೆ ಕೆರೆದುಕೊಂಡ. "ಸಾಬ್ರೇ, ನೋಡಕ್ಕೆ ದೇವರಾಣೆ ಚೆನ್ನಾಗೈತೆ. ಆದ್ರೆ ಗಾಳಿಗೆ ಜಾಗ ಎಲ್ಲೈತೆ? ಬಾಯಿ ಕಟ್ಟಿದಂಗೆ ಆಯ್ತದೆ."

"ಗಾಳಿಗೆ ಎಷ್ಟು ಜಾಗ ಬೇಕಪ್ಪ? ಅದೇನು ಎಮ್ಮೆನಾ? ನೀನು ಹಾಕು."

ಚಲಪತಿ ಹಾಕಿದ. ಹಠ ಹಿಡಿದ ರೀಲರ್ ಜೊತೆ ವಾದಿಸಬಾರದು ಅನ್ನುವಷ್ಟು ಬುದ್ಧಿ ಅವನಿಗೂ ಇತ್ತು.

ಹಮೀದಾ ಬೇಗಂ ಅವರನ್ನು ಕೋಣೆಗೆ ಕರೆದುಕೊಂಡು ಬಂದು ಮಂಚದ ಮೇಲೆ ಕೂರಿಸಿದರು. ಅವರು ತಲೆ ಎತ್ತಿದರು. ಬಿಳಿ ಚಾವಣಿಯ ನಡುವೆ ತೇಗದ ಎಲೆಗಳು, ಎಲೆಗಳ ಹಿಂದೆ ಚಿನ್ನದ ಮಿನುಗು. ಒಂದೊಂದು ಎಲೆಯನ್ನೂ ಕಣ್ಣಲ್ಲೇ ಎಣಿಸಿದರು. ಆಮೇಲೆ ಸೆರಗಿನಿಂದ ಕಣ್ಣು ಒತ್ತಿಕೊಂಡು, "ಇದನ್ನು ನೀವೇ ಆರಿಸಿದಿರಾ?" ಎಂದು ಕೇಳಿದರು. ಮನೆಯೊಳಗೆ ಅವರದು ಉರ್ದು. ನಾವು ಕನ್ನಡದಲ್ಲೇ ಕೇಳಿಸಿಕೊಳ್ಳೋಣ. ಪಾಷಾ ಅವರು ಗಂಟಲು ಸರಿಮಾಡಿಕೊಂಡು, "ಟೀ ಆಯ್ತಾ?" ಅಂದರು.

ಹಮೀದಾ ಬೇಗಂ ಕೇಳಿದ್ದರಲ್ಲಿ ಅರ್ಥವಿತ್ತು. ಮದುವೆಯಾದಂದಿನಿಂದ ಅವರ ಸೀರೆ ಆರಿಸಿದ್ದು ನಾದಿನಿಯರು, ಬಳೆ ಆರಿಸಿದ್ದು ಅತ್ತೆ. ಗಂಡ ತಾನಾಗಿ ಅಂಗಡಿ ಹತ್ತಿ ಅವರಿಗಾಗಿ ಆರಿಸಿ ತಂದ ಮೊದಲ ವಸ್ತು ಇದು.

ಹತ್ತು ದಿನ ಕಳೆಯಿತು. ದಿನಾ ಬೆಳಗ್ಗೆ ಪಾಷಾ ಅವರು ಬಾಗಿಲಲ್ಲಿ ನಿಂತು, "ನಿದ್ದೆ ಬಂತಾ?" ಎಂದು ಕೇಳುವರು. ಅವರ ಗೊರಕೆಯ ಪ್ರತಾಪದಿಂದಾಗಿ ಅವರ ಹಾಸಿಗೆ ಹಾಲಿಗೆ ಸ್ಥಳಾಂತರವಾಗಿ ವರ್ಷವಾಗಿತ್ತು. ಹಾಗಾಗಿ ಕೇಳಿಯೇ ತಿಳಿಯಬೇಕು. "ಚೆನ್ನಾಗಿ ಬಂತು. ಎಲೆ ನೋಡುತ್ತ ನೋಡುತ್ತ ಯಾವಾಗ ನಿದ್ದೆ ಹೋದೆನೋ ಗೊತ್ತಾಗಲಿಲ್ಲ" ಎನ್ನುವರು ಹಮೀದಾ ಬೇಗಂ. ಪಾಷಾ ಅವರು ಮೀಸೆಯಡಿಯಲ್ಲೇ ನಕ್ಕು ಬಜಾರಿಗೆ ಹೊರಡುವರು. ಬಜಾರಿನಲ್ಲಿ ಸಿಕ್ಕಸಿಕ್ಕವರನ್ನೆಲ್ಲ ನಿಲ್ಲಿಸಿ ಗಾಳಿಕಿಂಡಿಯ ವರ್ಣನೆ ಮಾಡುವರು. ಇವರು ಬರುವುದು ಕಂಡರೆ ಕೆಲವರು ಎದುರಿನ ಗಲ್ಲಿಗೆ ತಿರುಗಲು ಶುರುಮಾಡಿದ್ದರು. ಅಮ್ಮನ ಕೋಣೆಯಲ್ಲೇ ಮಲಗುವ ನೌರೀನ್ ಮಾತ್ರ ಈ ಹತ್ತು ದಿನ ಅಪ್ಪನ ಮುಖ ನೋಡದೆ ಬುತ್ತಿ ಕಟ್ಟಿಕೊಂಡು ಬಸ್ಸಿಗೆ ಓಡುತ್ತಿದ್ದಳು.

ಹನ್ನೊಂದನೇ ದಿನ ಭಾನುವಾರ. ಬೆಳಗ್ಗೆ ಹತ್ತು ಗಂಟೆಗೆ ಚಲಪತಿ ಫಿಲ್ಟರ್ ನೋಡಲು ಬಂದ. ತಾರಸಿಯಿಂದ ಇಳಿದವನು ಹಮೀದಾ ಬೇಗಂ ಅವರ ಕೋಣೆಗೆ ಬಂದು, "ಮಿಷನ್ನು ಸರಿಯಾಗೈತೆ. ಅಮ್ಮ, ಗಾಳಿ ಬರ್ತಾ ಐತಾ?" ಎಂದು ಕೇಳಿದ.

"ಬರ್ತದಪ್ಪ" ಎಂದರು ಅವರು ತಟ್ಟನೆ.

"ಬರದೇ ಏನು?" ಎಂದರು ಪಾಷಾ. "ನಾನು ಪರೀಕ್ಷೆ ಮಾಡಿ ತೋರಿಸ್ತೀನಿ ಇರು."

ಅಲಮಾರಿನಿಂದ ಹಳೇ ಕಚ್ಚಾ ರೇಷ್ಮೆಯ ಲಡಿ ತೆಗೆದು, ಅದರಿಂದ ಒಂದು ಎಳೆ ಬಿಡಿಸಿದರು. ಕೂದಲಿಗಿಂತ ತೆಳು, ಪಕ್ಕದಲ್ಲಿ ಯಾರಾದರೂ ಜೋರಾಗಿ ಮಾತಾಡಿದರೂ ತೂಗುವಂಥದು. ಅದನ್ನು ಪೊರಕೆ ಕಡ್ಡಿಯ ತುದಿಗೆ ಕಟ್ಟಿ, ಸ್ಟೂಲಿನ ಮೇಲೆ ಹತ್ತಿ, ಸರಿಯಾಗಿ ತೇಗದ ಎಲೆಗಳ ಕೆಳಗೆ ಹಿಡಿದರು. ಎಳೆ ನೇರವಾಗಿ ಇಳಿದು ನಿಂತಿತು. ಒಂದು ಕೂದಲಿನಷ್ಟೂ ಅಲ್ಲಾಡಲಿಲ್ಲ.

"ನೋಡು!" ಎಂದರು ಪಾಷಾ, ಸ್ಟೂಲಿನ ಮೇಲಿಂದ, ಮುಖ ಅರಳಿಸಿಕೊಂಡು. "ನೋಡಿದ್ಯಾ? ಎಷ್ಟು ಸೊಗಸಾಗಿ ನಿಂತಿದೆ! ಬಯ್ಯಪ್ಪನ ಕೆಲಸ ಅಂದ್ರೆ ಇದು."

"ಹೌದು, ಒಂಚೂರೂ ಅಲುಗಾಡ್ತಾ ಇಲ್ಲ" ಎಂದರು ಮಂಚದ ಮೇಲಿಂದ ಹಮೀದಾ ಬೇಗಂ. ಅವರ ದನಿಯಲ್ಲೂ ಮೆಚ್ಚುಗೆ ಇತ್ತು.

ಚಲಪತಿ ಎಳೆಯನ್ನೊಮ್ಮೆ ನೋಡಿದ, ಗಂಡನನ್ನೊಮ್ಮೆ ನೋಡಿದ, ಹೆಂಡತಿಯನ್ನೊಮ್ಮೆ ನೋಡಿದ. ಇಬ್ಬರಿಗೂ ಏನಾದರೂ ಆಗಿದೆಯಾ ಎಂದು ಅವನಿಗೆ ಭಯವಾದಂತಿತ್ತು.

ಏನೂ ಆಗಿರಲಿಲ್ಲ. ಕೆಳಗಿನ ಶೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷ, ಪ್ರತಿ ಬೆಳಗ್ಗೆ ಒಲೆ ಹಚ್ಚುವ ಮುಂಚೆ, ಅವರು ಹೀಗೆಯೇ ಒಂದು ಎಳೆ ಇಳಿಬಿಟ್ಟು ನೋಡುತ್ತಿದ್ದರು. ಎಳೆ ಅಲ್ಲಾಡಿದರೆ ಎಲ್ಲೋ ಗಾಳಿ ನುಗ್ಗುತ್ತಿದೆ ಎಂದು ಅರ್ಥ. ಗಾಳಿ ನುಗ್ಗಿದರೆ ತೊಟ್ಟಿಯ ಮೇಲಿನ ನೂಲು ತುಂಡಾಗುತ್ತದೆ, ಸಿಕ್ಕಾಗುತ್ತದೆ, ದಿನದ ಕೆಲಸ ಕೆಡುತ್ತದೆ. ಆಗ ಗಂಡ ಬಾಗಿಲ ಸಂದಿಗೆ ಗೋಣಿ ತುರುಕುವರು, ಹೆಂಡತಿ ಕಿಟಕಿಗೆ ಹಳೇ ಸೀರೆ ಕಟ್ಟುವರು. ಎಳೆ ಕಲ್ಲಿನಂತೆ ನಿಂತ ಮೇಲೆ "ಸರಿಯಾಯ್ತು" ಎಂದು ಬಿಸ್ಮಿಲ್ಲಾ ಹೇಳಿ ಕೂರುವರು. ನಿಂತ ಎಳೆ ಕಂಡರೆ ಸಂತೋಷಪಡುವುದು ಅವರ ಕಣ್ಣಿಗೆ ಅಂಟಿದ ಅಭ್ಯಾಸ.

ಅಡುಗೆಮನೆಯಿಂದ ಬಂದ ನೌರೀನ್ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದಳು. ಮೊದಲು ಅವಳಿಗೆ ನಗು ಬಂತು. ತಡೆಯಲಾರದೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತಲೇ ಅವಳ ಕಣ್ಣಲ್ಲಿ ನೀರು ತುಂಬಿತು.

"ಅಬ್ಬಾ," ಎಂದು ಅಪ್ಪನನ್ನು ಕರೆದಳು, "ಅದು ಅಲ್ಲಾಡಬೇಕು ಅಬ್ಬಾ. ಇಲ್ಲಿ ಅದು ಅಲ್ಲಾಡಬೇಕು."

ಪಾಷಾ ಅವರು ಕಡ್ಡಿ ಹಿಡಿದುಕೊಂಡೇ ನಿಂತರು. ಎಳೆ ಹಾಗೆಯೇ ಇಳಿಬಿದ್ದಿತ್ತು. ಅವರ ಮುಖದ ನಗು ಒಂದೇ ಸಲಕ್ಕೆ ಹೋಗಲಿಲ್ಲ, ಸ್ವಲ್ಪ ಸ್ವಲ್ಪವೇ ಇಳಿಯಿತು.

"ಅಂದ್ರೆ… ಗಾಳಿ ಬರ್ತಾ ಇಲ್ವಾ?"

"ಬರಲ್ಲ ಸಾಬ್ರೇ" ಎಂದ ಚಲಪತಿ ಮೆಲ್ಲಗೆ. "ಆವತ್ತೇ ಹೇಳಿದ್ನಲ್ಲ."

"ಆದರೆ ಇವಳು ಚೆನ್ನಾಗಿ ನಿದ್ದೆ ಮಾಡ್ತಾ ಇದ್ದಾಳಲ್ಲ…"

"ಅಮ್ಮೀ ಹತ್ತು ದಿನದಿಂದ ಕೂತೇ ಇದ್ದಾರೆ ಅಬ್ಬಾ. ಮೊದಲಿಗಿಂತ ಜಾಸ್ತಿ ಕೂತಿದ್ದಾರೆ. ಯಾರಿಗೂ ಹೇಳಬೇಡ ಅಂತ ನನ್ನ ಕೈಲಿ ಆಣೆ ಹಾಕಿಸಿಕೊಂಡಿದ್ದಾರೆ."

ಪಾಷಾ ಅವರು ಸ್ಟೂಲಿನಿಂದ ಇಳಿದರು. ಹೆಂಡತಿಯ ಮುಂದೆ ಹೋಗಿ ನಿಂತರು. ಹತ್ತಿರದಿಂದ ನೋಡಿದಾಗ ಅವರ ಕಣ್ಣ ಕೆಳಗಿನ ಕಪ್ಪು ಕಂಡಿತು. ಹತ್ತು ದಿನ ಬಾಗಿಲಲ್ಲಿ ನಿಂತು ಕೇಳಿದವರು ಒಂದು ದಿನವಾದರೂ ಒಳಗೆ ಬಂದು ಮುಖ ನೋಡಿರಲಿಲ್ಲ.

"ಯಾಕೆ ಹೇಳಲಿಲ್ಲ ಹಮೀದಾ?"

ಹಮೀದಾ ಬೇಗಂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಅಜೀ, ನೀವು ನಾಲ್ಕು ಸಲ ಚಿಂತಾಮಣಿಗೆ ಹೋಗಿದ್ದಿರಿ. ನನಗೋಸ್ಕರ ಯಾರೂ ಅಷ್ಟು ಅಲೆದಿಲ್ಲ. ಅದು ಸರಿಯಿಲ್ಲ ಅಂತ ಯಾವ ಬಾಯಲ್ಲಿ ಹೇಳಲಿ? ಉಸಿರು ಇವತ್ತಲ್ಲ ನಾಳೆ ಬರುತ್ತೆ ಅಂದುಕೊಂಡೆ."

ಆ ಮಾತು ಕೇಳಿ ಪಾಷಾ ಅವರಿಗೆ ಬೈಯಬೇಕು ಅನ್ನಿಸಿತು, ಅಳಬೇಕು ಅನ್ನಿಸಿತು. ಎರಡೂ ಆಗದೆ ಚಲಪತಿಯ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡು ಮತ್ತೆ ಸ್ಟೂಲು ಹತ್ತಿದರು. ನಾನು ಬಿಚ್ಚುತ್ತೇನೆ ಎಂದು ಚಲಪತಿ ಗೋಗರೆದರೂ ಕೇಳಲಿಲ್ಲ. ತಾವು ಆಸೆಪಟ್ಟು ಕೂರಿಸಿದ್ದನ್ನು ತಾವೇ ಒಂದೊಂದು ಸ್ಕ್ರೂ ತಿರುವಿ ಇಳಿಸಿದರು. ಹಲಗೆ ಕೈಗೆ ಬಂದದ್ದೇ ತಡ, ಪೈಪಿನ ಕಪ್ಪು ಬಾಯಿಯಿಂದ ತಣ್ಣನೆ ಗಾಳಿ ಅವರ ಬೋಳುತಲೆಯ ಮೇಲೆ ಇಳಿಯಿತು. ಹತ್ತು ದಿನದಿಂದ ಆ ಗಾಳಿ ಅಲ್ಲೇ, ಒಂದು ಬಲೆಯ ಹಿಂದೆ ಕಾದು ನಿಂತಿತ್ತು ಎಂದು ಯೋಚಿಸಿ ಅವರಿಗೆ ಸಂಕಟವಾಯಿತು.

"ಈಗ ನೀನೇ ಆರಿಸು" ಎಂದರು ಹೆಂಡತಿಗೆ. "ನಾನು ಬಾಯಿ ಹಾಕಲ್ಲ."

ಚಲಪತಿ ಗಾಡಿಯಿಂದ ನಾಲ್ಕು ಬಗೆಯ ಗ್ರಿಲ್ ತಂದು ಮಂಚದ ಮೇಲೆ ಹರಡಿದ. ಅವನಿಗೂ ಹುಮ್ಮಸ್ಸು ಬಂದಿತ್ತು. ಇಷ್ಟು ಮನೆ ಅಂಗಡಿಗಳಿಗೆ ಪೈಪು ಎಳೆದಿದ್ದರೂ ಗಾಳಿಯಲ್ಲಿ ಕೂರುವವರನ್ನು ಕೂರಿಸಿ ಆರಿಸಲು ಹೇಳಿದ್ದು ಇದೇ ಮೊದಲು. ಹಮೀದಾ ಬೇಗಂ ಯಾವುದನ್ನೂ ಕೈಯಲ್ಲಿ ಹಿಡಿದು ನೋಡಲಿಲ್ಲ. "ಒಂದೊಂದಾಗಿ ಹಾಕು ಮಗಾ" ಎಂದು, ಕಿಂಡಿಯ ನೇರಕ್ಕೆ ಬಂದು ಕೂತು, ಕಣ್ಣು ಮುಚ್ಚಿ ಮುಖ ಮೇಲೆತ್ತಿದರು. ಮೊದಲನೆಯದಕ್ಕೆ ತಲೆ ಅಲ್ಲಾಡಿಸಿದರು: ಒಂದೇ ಕಡೆ ಹೊಡೆಯುತ್ತದೆ. ಎರಡನೆಯದು ಸಿಳ್ಳೆ ಹಾಕುತ್ತದೆ. ಮೂರನೆಯದು ಹಾಕಿದಾಗ ಮುಖವನ್ನು ಇನ್ನಷ್ಟು ಮೇಲೆತ್ತಿದರು. ಹಣೆಯ ಮೇಲೆ ಬಿಡಿಯಾಗಿದ್ದ ನರೆಗೂದಲು ನಿಧಾನವಾಗಿ ಆಡತೊಡಗಿತು.

"ಇದು" ಎಂದು ಕಣ್ಣು ತೆರೆದರು.

ಪಾಷಾ ಅವರು ಮೇಲೆ ನೋಡಿದರು. ದುಂಡಗಿನ ಗ್ರಿಲ್ಲು, ಒಂದರೊಳಗೊಂದು ಬಳೆ ಇಟ್ಟಂತೆ ನಾಲ್ಕು ಸುತ್ತು, ನಡುವೆ ಅಗಲವಾದ ಸಂದಿ. ಅವರ ಕಣ್ಣಿಗೆ ಅದು ಟಿಫಿನ್ ಡಬ್ಬಿಯ ಮುಚ್ಚಳಕ್ಕಿಂತ ಹೆಚ್ಚೇನೂ ಅಲ್ಲ. ಬಾಯಿ ಹಾಕಲ್ಲ ಎಂದು ಮಾತು ಕೊಟ್ಟದ್ದರಿಂದ ಹಲ್ಲು ಕಚ್ಚಿ ನಿಂತರು. ಹಮೀದಾ ಬೇಗಂ ಅವರಿಗೆ ಅದು ಗೊತ್ತಾಯಿತು.

"ನಿಮಗೆ ಕಾಣ್ತಾ ಇಲ್ವಾ?" ಎಂದರು. "ತೊಟ್ಟಿಯ ನೀರಲ್ಲಿ ಗೂಡು ತಿರುಗುವಾಗ ಹೀಗೇ ಸುತ್ತು ಸುತ್ತು ಅಲೆ ಏಳ್ತಿತ್ತು. ಅದನ್ನ ನೋಡೋದು ನನಗೆ ಇಷ್ಟ. ಎಷ್ಟು ಕಷ್ಟ ಇದ್ದರೂ ಅದನ್ನ ನೋಡ್ತಾ ಇದ್ದರೆ ಹೊತ್ತು ಹೋಗಿದ್ದೇ ಗೊತ್ತಾಗ್ತಿರಲಿಲ್ಲ."

ಅದೇ ತೊಟ್ಟಿಯ ಪಕ್ಕದಲ್ಲಿ ಅಷ್ಟು ವರ್ಷ ಓಡಾಡಿದ ಪಾಷಾ ಅವರಿಗೆ, ಅಲ್ಲಿ ಹೆಂಡತಿಗೆ ಇಷ್ಟವಾಗುವಂಥದ್ದು ಒಂದಿತ್ತು ಎಂದು ತಿಳಿದದ್ದು ಈಗ. ಮನಸ್ಸಿಗೆ ಎಷ್ಟೋ ಹಗುರವಾಯಿತು. ಆ ವರ್ಷಗಳಲ್ಲಿ ಎಲ್ಲವೂ ಮಸಿ, ಎಲ್ಲವೂ ಹುಳು ಆಗಿರಲಿಲ್ಲವಲ್ಲ ಎಂದು ದೇವರನ್ನು ನೆನೆಯುವಷ್ಟು ಹಗುರವಾಯಿತು. ಚಲಪತಿ ಗ್ರಿಲ್ಲನ್ನು ಬಿಗಿ ಮಾಡಿದ, ಉಳಿದ ಎರಡು ಕೋಣೆಗಳಿಗೂ ಅಂಥದ್ದನ್ನೇ ಕೂರಿಸಿದ. ತೇಗದ ಎಲೆಗಳನ್ನು ಹಮೀದಾ ಬೇಗಂ ಯಾರಿಗೂ ಕೊಡಲು ಒಪ್ಪದೆ, ಮಂಚದ ಎದುರು ಗೋಡೆಗೆ ಮೊಳೆ ಹೊಡೆಸಿ ತೂಗುಹಾಕಿಸಿದರು. ಊಟಕ್ಕೆ ಕೂರದೆ ಹೋಗಕೂಡದು ಎಂದು ಚಲಪತಿಯನ್ನು ತಡೆದರು. ಅವನು ಊಟ ಮಾಡಿ, ಇನ್ನೊಂದು ತಿಂಗಳಿಗೆ ಬರ್ತೀನಮ್ಮ ಎಂದು ಹೇಳಿ ಹೊರಟ. ಮೆಟ್ಟಿಲವರೆಗೂ ಹೋದ ಪಾಷಾ ಅವರು ಅವನ ಎರಡೂ ಕೈ ಹಿಡಿದು ಕುಲುಕಿದರು.

ವಾಪಸ್ ಬರುವಾಗ ಅವರು ಒಂದು ನಿರ್ಧಾರ ಮಾಡಿಕೊಂಡಿದ್ದರು. ಇವತ್ತು ಹೇಳಿಬಿಡಬೇಕು. ಮನೆಗೆ, ಮಗಳಿಗೆ, ಆ ಕೈಗಳಿಗೆ, ಹತ್ತು ದಿನ ಉಸಿರು ಬಿಗಿಹಿಡಿದು ತಮ್ಮ ಮನಸ್ಸು ಕಾಪಾಡಿದ್ದಕ್ಕೆ, ಎಲ್ಲದಕ್ಕೂ ಸೇರಿಸಿ ಒಂದು ಮಾತು. ಮೆಟ್ಟಿಲ ಮೇಲೆ ನಿಂತು ಎರಡು ಸಲ ಮನಸ್ಸಿನಲ್ಲೇ ಹೇಳಿ ನೋಡಿಕೊಂಡರು.

ಕೋಣೆಗೆ ಬಂದರೆ ಹಮೀದಾ ಬೇಗಂ ಮಲಗಿದ್ದರು. ದಿಂಬು ಮೂರಿರಲಿಲ್ಲ, ಒಂದೇ ಇತ್ತು. ಬೆನ್ನು ಪೂರ್ತಿ ಹಾಸಿಗೆಗೆ ತಾಗಿತ್ತು, ಕಾಲು ಉದ್ದಕ್ಕೆ ಚಾಚಿತ್ತು. ಪಾಷಾ ಅವರಿಗೆ ಎದೆ ಧಸಕ್ಕೆಂದಿತು. ಬಗ್ಗಿ ನೋಡಿದರು. ಎದೆ ಒಂದೇ ಸಮನೆ ಏಳುತ್ತಿತ್ತು, ಇಳಿಯುತ್ತಿತ್ತು. ಗೊರಗೊರ ಸದ್ದೂ ಇರಲಿಲ್ಲ. ಎರಡು ವರ್ಷದ ಮೇಲೆ ಮೊದಲ ಸಲ ಅವರು ಹೆಂಡತಿ ಮಲಗಿದ್ದನ್ನು ನೋಡಿದ್ದು.

ಆಮೇಲೆ ಆ ಮನೆಯಲ್ಲಿ ನಡೆದ ಕರ್ಫ್ಯೂ ಕೇಳಬೇಡಿ. ಕಾಲಿಂಗ್ ಬೆಲ್ಲಿನ ಸ್ವಿಚ್ಚು ಆರಿಸಿದರು. ನೌರೀನ್ ಕೈಯಿಂದ ಮಿಕ್ಸಿ ಕಿತ್ತಿಟ್ಟರು. ಕೆಳಗೆ ಬಂದ ಸೊಪ್ಪಿನವಳಿಗೆ ಸನ್ನೆ ಮಾಡಿ ಓಡಿಸಿದರು. ಪಕ್ಕದ ಮನೆಯವರು ಏನಾಯ್ತು ಎಂದು ಕೇಳಿದ್ದಕ್ಕೆ ತುಟಿಯ ಮೇಲೆ ಬೆರಳಿಟ್ಟು, "ಮಲಗಿದ್ದಾಳೆ" ಎಂದರು, ಮೊಮ್ಮಗು ಹುಟ್ಟಿದ ಸುದ್ದಿ ಹೇಳುವವರ ಹಾಗೆ. ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತರು. ನಾಲ್ಕು ಗಂಟೆಯಾದರೂ ಅಲ್ಲಿಂದ ಏಳಲಿಲ್ಲ.

ಮಸೀದಿಯಿಂದ ಇಳಿಹೊತ್ತಿನ ಅಸರ್ ಅಜಾನ್ ಕೇಳಿ ಹಮೀದಾ ಬೇಗಂ ಕಣ್ಣು ತೆರೆದರು. ಹೊತ್ತು ಎಷ್ಟಾಯಿತೆಂದು ತಿಳಿಯದೆ ಗಾಬರಿಯಿಂದ ಸುತ್ತ ನೋಡಿದರು. ಬಾಗಿಲಲ್ಲಿ ಗಂಡ ಕೂತಿದ್ದರು.

"ಅಯ್ಯೋ, ಟೀಗೆ ಕಾಯ್ತಾ ಇದ್ದೀರಾ?" ಎಂದು ಏಳಲು ಹೋದರು.

"ಶುಕ್ರಿಯಾ ಹಮೀದಾ" ಎಂದರು ಸಾದಿಕ್ ಪಾಷಾ.

ಮದುವೆಯಾಗಿ ಮೂವತ್ತನಾಲ್ಕು ವರ್ಷವಾದ ಹೆಂಗಸು ಎದ್ದು ಕೂತು ಗಂಡನ ಮುಖವನ್ನೇ ನೋಡಿದರು. "ಯಾವುದಕ್ಕೆ?"

ಪಾಷಾ ಅವರು ಮೆಟ್ಟಿಲ ಮೇಲೆ ಜೋಡಿಸಿಕೊಂಡಿದ್ದನ್ನೆಲ್ಲ ನೆನಪು ಮಾಡಿಕೊಳ್ಳಲು ನೋಡಿದರು. ಒಂದೂ ಬಾಯಿಗೆ ಬರಲಿಲ್ಲ.

"ಮಲಗಿದ್ದಕ್ಕೆ" ಎಂದರು.